ಒಂದೇ ಗಾಡಿಯಲ್ಲಿ ಚಳಿಯೂ ಸೆಕೆಯೂ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಏಳು ಜನ ಕೂರುವ ಮೋಟಾರು ಗಾಡಿಯೊಂದು ಬೆಂಗಳೂರಿನಿಂದ ಬಳ್ಳಾರಿಗೆ ಹೊರಟಿತ್ತೆಂದು ವಾಚಕರು ಕಲ್ಪಿಸಿಕೊಳ್ಳಬೇಕಾಗಿಲ್ಲ. ಅದು ನಿಜವಾಗಿಯೂ ಹೊರಟಿತ್ತು, ನಾವೂ ಅದರಲ್ಲಿದ್ದೆವು. ಗಾಡಿಗೆ ಹದಿನಾಲ್ಕು ವರ್ಷ ವಯಸ್ಸು. ನಮ್ಮ ಮಿತ್ರರ ಮನೆಯವರು ಅದನ್ನು ಮನೆಯ ಹಸುವಿನಂತೆ ನೋಡಿಕೊಂಡು ಬಂದವರು. ಅದರಲ್ಲಿ ಹವಾನಿಯಂತ್ರಣವುಂಟು, ಮುಂಬದಿಗೊಂದು, ಹಿಂಬದಿಗೊಂದು ಹೀಗೆ ಎರಡು ತಂಪಿನ ಘಟಕಗಳೂ ಉಂಟು. ಆದರೆ ಅಂದು ಚಾಲಕನ ಬೆರಳು ಮರಗಟ್ಟುವಂತಹ ತಣ್ಣನೆಯ ಗಾಳಿ ಬರುತ್ತಿದ್ದರೆ, ಅವನ ಎಡಕ್ಕೆ ಕುಳಿತ ನಮಗೆ ಅರೆತಂಪು, ಕೊನೆಯ ಸಾಲಿನಲ್ಲಿ ಕುಳಿತ ಎಂಬತ್ತು ದಾಟಿದ ಅಜ್ಜಿಗೆ ಬರಿಯ ಗಾಳಿ. ಹಿರಿಯೂರನ್ನು ದಾಟುವ ಹೊತ್ತಿಗೆ ಅಜ್ಜಿ, "ಮುಂದೆ ಕೂತೋರು ಚಳಿ ಅಂತೀರಿ, ನನಗಿಲ್ಲಿ ಒಲೆ ಮುಂದೆ ಕೂತ ಹಾಗಾಗಿದೆ ಕಣಪ್ಪಾ" ಎಂದರು. ಚಳ್ಳಕೆರೆ ಸಮೀಪಿಸಿದಾಗ ಅವರು ಮಾತೇ ಆಡದಿದ್ದುದನ್ನು ಕಂಡು ಗಾಬರಿಯಾಗಿ ಹುಣಿಸೆಯ ಮರದಡಿ ಗಾಡಿಯನ್ನು ನಿಲ್ಲಿಸಿ, ಮಜ್ಜಿಗೆ ಕುಡಿಸಿ, ಒದ್ದೆಯ ಬಟ್ಟೆಯಿಂದ ಮುಖ ಕೈಗಳನ್ನು ಒರಸಿ, ಅರ್ಧ ಗಂಟೆ ಗಾಳಿ ಹಾಕಬೇಕಾಯಿತು. ವೃದ್ಧರ ದೇಹವು ಬೆವರಿನ ಮೂಲಕ ಶಾಖವನ್ನು ಕಳೆದುಕೊಳ್ಳುವುದರಲ್ಲಿ ಎಳೆಯರ ದೇಹದಷ್ಟು ಚುರುಕಲ್ಲ. ಬಾಯಾರಿಕೆಯೂ ಅವರಿಗೆ ತಡವಾಗಿ ತಿಳಿಯುತ್ತದೆ. ಆದುದರಿಂದ ಗಾಡಿಯ ತಂಪು ಹಿಂದಿನ ಸಾಲಿಗೆ ತಲುಪದಿರುವುದು ಬರಿಯ ಅನಾನುಕೂಲದ ಮಾತಲ್ಲ.

ಆ ವರ್ಷದಲ್ಲಿ ಆಗಲೇ ಎರಡು ಬಾರಿ ಗಾಡಿಯನ್ನು ಗ್ಯಾರೇಜಿಗೆ ಒಯ್ದದ್ದಾಗಿತ್ತು. ಎರಡು ಬಾರಿಯೂ, "ಗ್ಯಾಸ್ ಕಮ್ಮಿಯಾಗಿದೆ ಸಾರ್, ತುಂಬಿಸಿದರೆ ಸರಿಹೋಗುತ್ತೆ" ಎಂಬ ಒಂದೇ ಉತ್ತರ. ತುಂಬಿಸಿದೊಡನೆ ಸರಿಹೋದದ್ದೂ ನಿಜ. ಆರೇಳು ವಾರಗಳಲ್ಲಿ ಮತ್ತೆ ಮೊದಲಿನಂತೆಯೇ. ಈ ಉತ್ತರದಲ್ಲಿ ಎಷ್ಟು ಸತ್ಯವಿದೆ, ಎಲ್ಲಿ ಅದು ಸಾಲದೆ ಬರುತ್ತದೆ ಎಂಬುದನ್ನು ಭೌತಶಾಸ್ತ್ರದ ಸಹಾಯದಿಂದ ವಿಚಾರಿಸುವುದು ಈ ಲೇಖನದ ಉದ್ದೇಶ. ತಂಪಿನಲ್ಲಿ ಕಾಣುವ ಏರುಪೇರು ತಾನೇ ಒಂದು ಸಾಕ್ಷ್ಯ. ಎಲ್ಲಿ ತಂಪು, ಎಲ್ಲಿ ಸೆಕೆ ಎಂಬುದನ್ನು ಅಳೆದು ನೋಡಿದರೆ ದೋಷವು ಎಲ್ಲಿದೆಯೆಂಬುದನ್ನು ಬಹುಮಟ್ಟಿಗೆ ಅದೇ ಹೇಳಿಬಿಡುತ್ತದೆ ಎಂದು ನಾವು ತೋರಿಸಬೇಕಾಗಿದೆ.

ತಂಪು ಹುಟ್ಟುವ ಬಗೆ

ಗ್ಯಾರೇಜಿನವರು ಗ್ಯಾಸು ಎನ್ನುವ ವಸ್ತು ಪೆಟ್ರೋಲಿನಂತೆ ಉರಿದು ಮುಗಿಯುವಂಥದಲ್ಲ. ಅದು ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುವ ಶೀತಕ. ಹಳೆಯ ಗಾಡಿಗಳಲ್ಲಿ ಬಹುಮಟ್ಟಿಗೆ ಇರುವುದು ಆರ್-೧೩೪ಎ ಎಂಬ ಶೀತಕ. ವಾಯುಮಂಡಲದ ಒತ್ತಡದಲ್ಲಿ ಇದು ಸೊನ್ನೆಗಿಂತ ೨೬ ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿದುಬಿಡುತ್ತದೆ. ಒತ್ತಡವನ್ನು ಹೆಚ್ಚಿಸಿದರೆ ಕುದಿಯುವ ಉಷ್ಣತೆಯೂ ಏರುವುದೆಂಬುದನ್ನು ಪ್ರೆಷರ್ ಕುಕ್ಕರನ್ನು ಬಲ್ಲ ಯಾರಿಗೂ ವಿವರಿಸಬೇಕಾಗಿಲ್ಲ. ಸುಮಾರು ೩ ವಾಯುಮಂಡಲಗಳ ಒತ್ತಡದಲ್ಲಿ ಈ ಶೀತಕ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ೧೩ ವಾಯುಮಂಡಲಗಳಲ್ಲಿಯಾದರೆ ೫೦ ಡಿಗ್ರಿಯಲ್ಲಿ. ಇಡೀ ಯಂತ್ರದ ಗುಟ್ಟೆಲ್ಲ ಈ ಎರಡು ಅಂಕಿಗಳ ಅಂತರದಲ್ಲಿ ಅಡಗಿದೆ.

ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಶೀತಕದ ಆವಿಯನ್ನು ಒತ್ತಿ ಬಿಸಿಮಾಡಿ ಗಾಡಿಯ ಮೂತಿಯಲ್ಲಿರುವ ಕಂಡೆನ್ಸರಿಗೆ ಕಳುಹಿಸುತ್ತದೆ. ಅಲ್ಲಿ ಅದು ೫೦ ಡಿಗ್ರಿಯಷ್ಟು ಬಿಸಿಯಾಗಿರುವುದರಿಂದ, ೩೫ ಡಿಗ್ರಿಯ ಸುಡುಗಾಳಿಗೂ ತನ್ನ ಶಾಖವನ್ನು ಒಪ್ಪಿಸಿ ದ್ರವವಾಗಬಲ್ಲುದು. ಈ ದ್ರವವು ಎಕ್ಸ್‌ಪ್ಯಾನ್ಷನ್ ವಾಲ್ವ್ ಎಂಬ ಕಿರಿದಾದ ಕಂಡಿಯಲ್ಲಿ ನುಗ್ಗಿದಾಗ ಒತ್ತಡ ಥಟ್ಟನೆ ಇಳಿಯುತ್ತದೆ. ಒಂದು ಪಾಲು ಕೂಡಲೇ ಕುದಿದು ಉಳಿದ ಪಾಲನ್ನು ತಣ್ಣಗಾಗಿಸುತ್ತದೆ. ಆ ತಣ್ಣನೆಯ ದ್ರವ, ಡ್ಯಾಷ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲಿನ ಸುರುಳಿಗಳಲ್ಲಿ ಹರಿಯುತ್ತ, ಬ್ಲೋಯರ್ ಊದುವ ಗಾಳಿಯಿಂದ ಶಾಖವನ್ನು ಹೀರಿ ಪೂರ್ತಿ ಆವಿಯಾಗಿ ಕಂಪ್ರೆಸರಿಗೆ ಹಿಂದಿರುಗುತ್ತದೆ. ಹಿಂಬದಿಯ ಘಟಕವಿರುವ ಗಾಡಿಗಳಲ್ಲಿ ದ್ರವದ ಕೊಳವೆ ಕವಲೊಡೆದು, ಒಂದು ಕವಲು ಗಾಡಿಯ ಅಡಿಯಲ್ಲೇ ಹಿಂದಕ್ಕೆ ಹೋಗಿ ಎರಡನೆಯ ವಾಲ್ವಿಗೂ ಎರಡನೆಯ ಕಾಯಿಲಿಗೂ ಶೀತಕವನ್ನು ಒದಗಿಸುತ್ತದೆ. ಕಂಪ್ರೆಸರ್ ಮಾತ್ರ ಒಂದೇ.

ಇಲ್ಲಿ ಎರಡು ಸಂಖ್ಯೆಗಳನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಸೊನ್ನೆ ಡಿಗ್ರಿಯ ಬಳಿ ಒಂದು ಕಿಲೋಗ್ರಾಂ ಆರ್-೧೩೪ಎ ದ್ರವವು ಆವಿಯಾಗುವಾಗ ಸುಮಾರು ೨೦೦ ಕಿಲೋಜೌಲ್ ಶಾಖವನ್ನು ನುಂಗುತ್ತದೆ. ಆದರೆ ಆವಿಯಾದ ಮೇಲೆ ಅದೇ ಒಂದು ಕಿಲೋಗ್ರಾಮಿನ ಉಷ್ಣತೆ ಒಂದು ಡಿಗ್ರಿ ಏರಲು ಒಂದು ಕಿಲೋಜೌಲಿಗಿಂತಲೂ ತುಸು ಕಡಿಮೆ ಶಾಖ ಸಾಕು. ಅಂದರೆ ಆವಿಯು ೨೦ ಡಿಗ್ರಿ ಬಿಸಿಯಾದರೂ ಅದು ಹೀರಿದ ಶಾಖ ಕುದಿತದ ಶಾಖದ ಹತ್ತನೆಯ ಒಂದು ಪಾಲನ್ನೂ ಮುಟ್ಟುವುದಿಲ್ಲ. ತಂಪುಮಾಡುವುದು ಕುದಿಯುತ್ತಿರುವ ದ್ರವವೇ ಹೊರತು ತಣ್ಣನೆಯ ಆವಿಯಲ್ಲ.

ಈಗ ಕೊಳವೆಗಳಲ್ಲಿ ಶೀತಕ ಕಡಿಮೆಯಾಗಿದೆಯೆಂದಿಟ್ಟುಕೊಳ್ಳೋಣ. ಕಾಯಿಲಿಗೆ ಪ್ರವೇಶಿಸಿದ ಅಲ್ಪಸ್ವಲ್ಪ ದ್ರವವು ಅರ್ಧ ದಾರಿಯಲ್ಲಿಯೇ ಕುದಿದು ಮುಗಿದುಹೋಗುತ್ತದೆ. ಮಿಕ್ಕ ಅರ್ಧದಲ್ಲಿ ಹರಿಯುವುದು ಬರಿಯ ಆವಿ. ಅದು ಬಹುಬೇಗ ಬಿಸಿಯಾಗಿ ನಿರುಪಯೋಗಿಯಾಗುತ್ತದೆ. ಕಾಯಿಲಿನ ಒಂದು ಭಾಗ ಮಂಜಿನಂತೆ ತಣ್ಣಗೆ, ಇನ್ನೊಂದು ಭಾಗ ಬೆಚ್ಚಗೆ. ಅನೇಕ ಗಾಡಿಗಳಲ್ಲಿ ಕಾಯಿಲಿನ ಎರಡು ಭಾಗಗಳನ್ನು ಹಾದ ಗಾಳಿಯು ಚೆನ್ನಾಗಿ ಬೆರೆಯುವುದಕ್ಕೆ ಮೊದಲೇ ಎಡಬಲದ ನಾಳಗಳಿಗೆ ಹಂಚಿಹೋಗುತ್ತದೆ. ಚಾಲಕನಿಗೆ ಚಳಿ, ಪಕ್ಕದವನಿಗೆ ಸೆಕೆ ಎಂಬ ವಿಚಿತ್ರದ ಒಂದು ಕಾರಣ ಇದು. ದೂರದಲ್ಲಿರುವ ಹಿಂಬದಿಯ ಕಾಯಿಲಿಗಾದರೋ ದ್ರವಕ್ಕೆ ಬದಲು ಗುಳ್ಳೆಗಳು ಬೆರೆತ ನೊರೆಯೇ ತಲುಪುವುದರಿಂದ ಅದರ ಪಾಡು ಇನ್ನೂ ಕಷ್ಟ.

ಅಳೆದು ನೋಡುವುದು

ಇಷ್ಟರಿಂದಲೇ ಗ್ಯಾರೇಜಿನವರ ಮಾತು ಸರಿಯಾಯಿತೆಂದು ಹೇಳುವುದು ಅವಸರವಾದೀತು. ಇದೇ ಲಕ್ಷಣವನ್ನು ತೋರಿಸುವ ಬೇರೆ ಕಾರಣಗಳೂ ಇವೆ.

ಮೊದಲನೆಯದಾಗಿ ಸೂರ್ಯನನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಉತ್ತರಕ್ಕೆ ಹೋಗುವ ಗಾಡಿಯ ಎಡಗಡೆಗೆ ಮಧ್ಯಾಹ್ನದ ನಂತರ ಪಶ್ಚಿಮದ ಬಿಸಿಲು ನೇರವಾಗಿ ಬೀಳುತ್ತದೆ. ನಿಚ್ಚಳವಾದ ಆಕಾಶದಲ್ಲಿ ಬಿಸಿಲಿಗೆ ಎದುರಾದ ಪ್ರತಿ ಚದರ ಮೀಟರಿಗೆ ಹತ್ತಿರ ಹತ್ತಿರ ೧,೦೦೦ ವಾಟ್ ಶಕ್ತಿ ಬಂದು ಬೀಳುವುದುಂಟು. ಒಂದು ಇಸ್ತ್ರಿಪೆಟ್ಟಿಗೆಯ ಬಲವೆನ್ನಬಹುದು. ಎಡಗಡೆ ಕುಳಿತವನಿಗೆ ಸೆಕೆಯಾದರೆ ತಪ್ಪು ಯಂತ್ರದ್ದೇ ಆಗಿರಬೇಕಾಗಿಲ್ಲ. ನಮ್ಮ ಚರ್ಮ ಒಳ್ಳೆಯ ಉಷ್ಣಮಾಪಕವಲ್ಲ. ಗಾಳಿಯ ವೇಗ, ಬಿಸಿಲು, ಬೆವರು ಎಲ್ಲವನ್ನೂ ಕಲಸಿ ಒಂದೇ ಉತ್ತರ ಕೊಡುವ ಚಾಳಿ ಅದಕ್ಕಿದೆ.

ಆದುದರಿಂದ ಬೇಕಾದದ್ದು ಥರ್ಮಾಮೀಟರು. ಅಡುಗೆಮನೆಗೆಂದು ಮಾರುವ ಕಡ್ಡಿಯಂತಹ ವಿದ್ಯುನ್ಮಾನ ಥರ್ಮಾಮೀಟರಾದರೆ ಲೇಸು. ಪ್ರಯೋಗಶಾಲೆಯ ಕೆಂಪು ದ್ರವದ್ದೂ ಆದೀತು. ಪಾದರಸದ್ದು ಬೇಡ. ಒಡೆದರೆ ಗಾಡಿಯೊಳಗಿನ ಜಮಖಾನೆಯಿಂದ ಪಾದರಸವನ್ನು ಆರಿಸಿ ತೆಗೆಯುವುದು ಅಸಾಧ್ಯ, ಅದರ ಆವಿಯಾದರೋ ವಿಷ. ಗಾಡಿಯನ್ನು ಬಯಲಿನಲ್ಲಿ, ಆದರೆ ನೆರಳಿನಲ್ಲಿ ನಿಲ್ಲಿಸಬೇಕು. ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ ನಡೆಸುವುದು ಪ್ರಾಣಾಪಾಯ. ಅತಿ ತಂಪಿಗೆ ಗುಂಡಿ ತಿರುಗಿಸಿ, ಬ್ಲೋಯರನ್ನು ಜೋರಿಗಿಟ್ಟು, ಹೊರಗಿನ ಗಾಳಿ ಬಾರದಂತೆ ಮಾಡಿ, ಹತ್ತು ನಿಮಿಷವಾದ ಮೇಲೆ ಒಂದೊಂದು ಗಾಳಿಕಿಂಡಿಯಲ್ಲೂ ಥರ್ಮಾಮೀಟರಿಟ್ಟು ಅಂಕಿಯನ್ನು ಬರೆದುಕೊಳ್ಳಬೇಕು. ಕಿಂಡಿಯ ಮುಂದೆ ತೆಳುವಾದ ಕಾಗದದ ಪಟ್ಟಿಯನ್ನು ಹಿಡಿದು ಗಾಳಿಯ ರಭಸವನ್ನೂ ಹೋಲಿಸಬೇಕು. ತಂಪು ಬೇರೆ, ಗಾಳಿಯ ಪ್ರಮಾಣ ಬೇರೆ. ಒಂದು ಕಿಂಡಿಯಲ್ಲಿ ಗಾಳಿ ತಣ್ಣಗಿದ್ದೂ ಕ್ಷೀಣವಾಗಿದ್ದರೆ ಅಲ್ಲಿ ಶೀತಕದ ಮಾತೇ ಬರುವುದಿಲ್ಲ. ನಾಳ ಕಳಚಿರಬಹುದು, ಎಲೆಕಸ ಸಿಕ್ಕಿಕೊಂಡಿರಬಹುದು. ಎಲ್ಲ ಕಿಂಡಿಗಳಲ್ಲೂ ಕ್ಷೀಣವಾಗಿದ್ದರೆ ಬ್ಲೋಯರಿನ ಬಳಿಯ ಗಾಳಿಯ ಫಿಲ್ಟರನ್ನು ತೆಗೆದು ನೋಡುವುದು ಮೊದಲ ಕೆಲಸ.

ಚಳ್ಳಕೆರೆಯ ಪ್ರಸಂಗವಾದ ಮೂರನೆಯ ದಿನ, ಬಳ್ಳಾರಿಯ ನೆಂಟರ ಮನೆಯ ಅಂಗಳದಲ್ಲಿ, ಹೊರಗೆ ೩೪ ಡಿಗ್ರಿ ಇದ್ದಾಗ ನಾವು ಪಡೆದ ಅಂಕಿಗಳು ಇವು: ಬಲತುದಿಯ ಕಿಂಡಿ ೯ ಡಿಗ್ರಿ, ನಡುವಿನ ಬಲಕಿಂಡಿ ೧೦, ನಡುವಿನ ಎಡಕಿಂಡಿ ೧೫, ಎಡತುದಿ ೧೮, ಹಿಂಬದಿಯ ಛಾವಣಿಯ ಕಿಂಡಿಗಳು ೨೪. ಮುಂದಿನ ನಾಲ್ಕರಲ್ಲೂ ಗಾಳಿ ಸಮವಾಗಿತ್ತು. ಹಿಂದಿನದು ಮಾತ್ರ ಸ್ವಲ್ಪ ನಿತ್ರಾಣ.

ಹವಾಮಾನದ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಬಳ್ಳಾರಿಯ ಒಣಗಾಳಿಯಲ್ಲಿ ದೊರೆತ ಅಂಕಿಯನ್ನು ಮಂಗಳೂರಿನಲ್ಲಿ ನಿರೀಕ್ಷಿಸಬಾರದು. ಕರಾವಳಿಯ ಗಾಳಿಯಲ್ಲಿರುವ ನೀರಿನ ಆವಿ ಕಾಯಿಲಿನ ಮೇಲೆ ಹನಿಗಟ್ಟುವಾಗ ಕಿಲೋಗ್ರಾಮಿಗೆ ಸುಮಾರು ೨,೪೫೦ ಕಿಲೋಜೌಲ್ ಶಾಖವನ್ನು ಬಿಟ್ಟುಕೊಡುತ್ತದೆ. ಯಂತ್ರದ ದುಡಿಮೆಯ ದೊಡ್ಡ ಪಾಲು ಅದಕ್ಕೇ ಸಂದುಹೋಗುತ್ತದೆ. ಗಾಡಿಯ ಅಡಿಯಲ್ಲಿ ತೊಟ್ಟಿಕ್ಕುವ ನೀರು ಈ ಬಾಬಿನದು, ಗಾಬರಿಪಡಬೇಕಾಗಿಲ್ಲ. ಅದು ಕೆಳಗೆ ತೊಟ್ಟಿಕ್ಕದೆ ಒಳಗೆ ಕಾಲಡಿಯಲ್ಲಿ ನಿಂತರೆ ಮಾತ್ರ ನೀರಿನ ನಳಿಗೆ ಕಟ್ಟಿದೆಯೆಂದರ್ಥ.

ಎಡಬಲದ ವ್ಯತ್ಯಾಸಕ್ಕೆ ಎರಡನೆಯ ಶಂಕಿತ, ಗಾಳಿ ಬೆರೆಸುವ ಫ್ಲಾಪು. ಚಳಿನಾಡಿನವರಿಗಾಗಿ ಎಂಜಿನ್ನಿನ ಬಿಸಿನೀರು ಹರಿಯುವ ಪುಟ್ಟ ರೇಡಿಯೇಟರೊಂದನ್ನು ಅದೇ ಪೆಟ್ಟಿಗೆಯೊಳಗೆ ಇಟ್ಟಿರುತ್ತಾರೆ. ತಣ್ಣನೆಯ ಗಾಳಿ ಎಷ್ಟು ಭಾಗ ಅದರ ಮೂಲಕ ಹಾಯಬೇಕೆಂಬುದನ್ನು ಫ್ಲಾಪು ನಿರ್ಧರಿಸುತ್ತದೆ. ಎಡಬಲಗಳಿಗೆ ಬೇರೆ ಬೇರೆ ಉಷ್ಣತೆಯನ್ನು ಆರಿಸುವ ಗಾಡಿಗಳಲ್ಲಿ ಇಂತಹ ಫ್ಲಾಪುಗಳು ಎರಡು. ಅವನ್ನು ತಿರುಗಿಸುವ ಪುಟ್ಟ ಮೋಟಾರಿನ ಪ್ಲಾಸ್ಟಿಕ್ ಹಲ್ಲುಗಳು ವಯಸ್ಸಾದಂತೆ ಮುರಿಯುತ್ತವೆ. ಆಗ ಒಂದು ಕಡೆಯ ಗಾಳಿ ಬಿಸಿನೀರಿನ ಬಳಿ ಹಾದೇ ಬರುತ್ತದೆ. ಇದಕ್ಕೂ ಶೀತಕದ ಕೊರತೆಗೂ ಇರುವ ಭೇದವನ್ನು ಕಾಣಲು ಯಾವ ಉಪಕರಣವೂ ಬೇಡ. ಬೆಳಿಗ್ಗೆ ಎಂಜಿನ್ ಇನ್ನೂ ತಣ್ಣಗಿರುವಾಗ ಗಾಡಿಯನ್ನು ಚಾಲೂ ಮಾಡಿ ನೋಡಬೇಕು. ಮೊದಲ ಕೆಲವು ನಿಮಿಷ ಎರಡೂ ಕಡೆ ಸಮನಾಗಿ ತಂಪಿದ್ದು, ಎಂಜಿನ್ ಬಿಸಿಯೇರಿದಂತೆಲ್ಲ ಒಂದು ಕಡೆ ಬೆಚ್ಚಗಾಗುತ್ತ ಹೋದರೆ ಶಂಕೆ ಫ್ಲಾಪಿನ ಮೇಲೆ. ಇನ್ನೂ ಒಂದು ಗುರುತುಂಟು. ಶೀತಕದ ಕೊರತೆ ಎಷ್ಟೇ ಇರಲಿ, ಕಿಂಡಿಯ ಗಾಳಿ ಒಳಕ್ಕೆ ಸೆಳೆದ ಗಾಳಿಗಿಂತ ಹೆಚ್ಚು ಬಿಸಿಯಾಗಲಾರದು. ಥರ್ಮಾಮೀಟರು ಅದಕ್ಕಿಂತ ಗಣನೀಯವಾಗಿ ಮೇಲೇರಿದರೆ, ಅಲ್ಲಿ ತಂಪು ಸಾಲದಿರುವುದು ಮಾತ್ರವಲ್ಲ, ಎಲ್ಲಿಂದಲೋ ಶಾಖ ಬಂದು ಸೇರುತ್ತಿದೆ. ನಮ್ಮ ಮಿತ್ರರ ಗಾಡಿಯಲ್ಲಿ ಬೆಳಗಿನ ಪರೀಕ್ಷೆಯಲ್ಲಿಯೂ ಎಡಬಲದ ವ್ಯತ್ಯಾಸ ಮೊದಲಿನಿಂದಲೇ ಇದ್ದು ಹಾಗೆಯೇ ಉಳಿಯಿತು. ಫ್ಲಾಪು ನಿರಪರಾಧಿ.

ಇದುವರೆಗೆ ಹೇಳಿದ್ದು ಜಾಗದಿಂದ ಜಾಗಕ್ಕೆ ಕಾಣುವ ಏರುಪೇರು. ಹೊತ್ತಿನಿಂದ ಹೊತ್ತಿಗೆ ಕಾಣುವ ಏರುಪೇರಿನ ಜಾಡು ಬೇರೆ. ಓಡುವಾಗ ತಂಪು, ಸಿಗ್ನಲಿನಲ್ಲಿ ನಿಂತಾಗ ಸೆಕೆ ಎಂದರೆ ಕಂಡೆನ್ಸರಿನ ಫ್ಯಾನನ್ನು ನೋಡಬೇಕು. ಅರ್ಧ ಗಂಟೆ ಚೆನ್ನಾಗಿ ತಂಪಾಗಿ, ಆಮೇಲೆ ಗಾಳಿಯೇ ನಿಂತಂತಾಗಿ, ಹತ್ತು ನಿಮಿಷ ಆರಿಸಿಟ್ಟರೆ ಅಡಿಯಿಂದ ನೀರು ಸುರಿದು ಮತ್ತೆ ಸರಿಹೋಗುವುದಾದರೆ ಕಾಯಿಲಿನ ಮೇಲೆ ಹಿಮ ಕಟ್ಟುತ್ತಿದೆ. ಉಷ್ಣತೆ ತೀರ ಇಳಿಯದಂತೆ ಕಾಯುವ ಸಂವೇದಕವೋ ಗಾಳಿಯ ಹರಿವೋ ಕೆಟ್ಟಿರಬಹುದು.

ಒತ್ತಡದ ಗೇಜು ಹೇಳದಿರುವುದು

ಅಂಕಿಗಳೆಲ್ಲ ಶೀತಕದ ಕೊರತೆಯ ಕಡೆಗೇ ಬೊಟ್ಟುಮಾಡಿದವು. ಹಾಗಾದರೆ ಗ್ಯಾರೇಜಿನವರು ಹೇಳಿದ್ದೇ ನಿಜವಾಯಿತಲ್ಲ ಎಂದು ವಾಚಕರು ಕೇಳಬಹುದು. ನಿಜ, ಆದರೆ ಅರ್ಧ ನಿಜ. ಮುಚ್ಚಿದ ಕೊಳವೆಯಲ್ಲಿ ಶೀತಕ ಕಡಿಮೆಯಾಯಿತೆಂದರೆ ಎಲ್ಲಿಂದಲೋ ಅದು ಹೊರಕ್ಕೆ ಹೋಗಿದೆ. ಆ ತೂತನ್ನು ಹುಡುಕದೆ ತುಂಬಿಸುವುದು ಸೋರುವ ಕೊಡಕ್ಕೆ ನೀರು ಹೊತ್ತಂತೆ. ಎರಡು ಸಲ ತುಂಬಿಸಿದ ಹಣ ಹೋದದ್ದು ಚಿಕ್ಕ ನಷ್ಟ. ಕಂಪ್ರೆಸರಿಗೆ ಬೇಕಾದ ಎಣ್ಣೆಯೂ ಶೀತಕದೊಡನೆಯೇ ಸುತ್ತುತ್ತದೆ. ಶೀತಕ ಸೋರಿದಾಗ ಎಣ್ಣೆಯೂ ಅಷ್ಟಿಷ್ಟು ಹೊರಬೀಳುತ್ತದೆ, ಉಳಿದದ್ದೂ ಸರಿಯಾಗಿ ಹಿಂದಿರುಗುವುದಿಲ್ಲ. ಎಣ್ಣೆ ಕಾಣದ ಕಂಪ್ರೆಸರ್ ಒಂದು ದಿನ ಹಿಡಿದುಕೊಂಡು ನಿಂತರೆ ಅದರ ಬೆಲೆಯ ಮುಂದೆ ಈ ಖರ್ಚು ಯಾವ ಮೂಲೆಗೂ ಸಾಲದು.

ಇನ್ನೊಂದು ನಷ್ಟ ಗಾಡಿಯ ಹೊರಗಿನದು. ಹಿಂದೆ ಬಳಸುತ್ತಿದ್ದ ಆರ್-೧೨ ಎಂಬ ಶೀತಕದಂತಹ ಅನಿಲಗಳು ಓಜೋನ್ ಪದರವನ್ನು ಕೆಡಿಸುತ್ತವೆಯೆಂದು ೧೯೭೪ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ರಸಾಯನಶಾಸ್ತ್ರಜ್ಞರು ಎಚ್ಚರಿಸಿದರು. ೧೯೮೭ರ ಮಾಂಟ್ರಿಯಲ್ ಒಪ್ಪಂದದ ಅನಂತರ ಅದರ ಜಾಗಕ್ಕೆ ಬಂದದ್ದೇ ಆರ್-೧೩೪ಎ. ಇದು ಓಜೋನಿಗೆ ಹಾನಿಮಾಡದು. ಆದರೆ ನೂರು ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಬಿಸಿಮಾಡುವ ಸಾಮರ್ಥ್ಯ ಇದಕ್ಕೆ ಇಂಗಾಲದ ಡೈಆಕ್ಸೈಡಿಗಿಂತ ೧,೩೦೦ರಿಂದ ೧,೫೦೦ ಪಟ್ಟು ಹೆಚ್ಚು. ಇಂತಹ ಅನಿಲಗಳ ಬಳಕೆಯನ್ನು ಇಳಿಸಬೇಕೆಂದು ೨೦೧೬ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ರಾಷ್ಟ್ರಗಳು ಒಪ್ಪಿದವು. ಭಾರತ ಅದನ್ನು ೨೦೨೧ರಲ್ಲಿ ಅನುಮೋದಿಸಿತು. ಒಂದು ಕಿಲೋಗ್ರಾಂ ಸೋರಿತೆಂದರೆ ಒಂದು ಟನ್ನಿಗೂ ಮೀರಿದ ಇಂಗಾಲದ ಡೈಆಕ್ಸೈಡನ್ನು ಬಿಟ್ಟ ಹಾಗೆ.

ಗ್ಯಾರೇಜಿನಲ್ಲಿ ಎಂಜಿನ್ ನಿಲ್ಲಿಸಿದ್ದಾಗಲೇ ಗೇಜು ಹಚ್ಚಿ, "ನೋಡಿ ಸಾರ್, ಪ್ರೆಷರ್ ಸರಿಯಾಗಿದೆ, ಗ್ಯಾಸ್ ತುಂಬಿದೆ" ಎಂದು ತೋರಿಸುವ ವಾಡಿಕೆಯೊಂದುಂಟು. ಇದು ಭೌತಶಾಸ್ತ್ರಕ್ಕೆ ಒಪ್ಪದ ಮಾತು. ಮುಚ್ಚಿದ ಪಾತ್ರೆಯಲ್ಲಿ ದ್ರವ ಮತ್ತು ಅದರ ಆವಿ ಒಟ್ಟಿಗಿರುವವರೆಗೆ ಒತ್ತಡವು ಉಷ್ಣತೆಯನ್ನು ಮಾತ್ರ ಅವಲಂಬಿಸುತ್ತದೆ, ದ್ರವದ ಪ್ರಮಾಣವನ್ನಲ್ಲ. ೩೦ ಡಿಗ್ರಿಯಲ್ಲಿ ಆರ್-೧೩೪ಎಗೆ ಗೇಜು ಚದರ ಅಂಗುಲಕ್ಕೆ ೯೫ರಿಂದ ೧೦೦ ಪೌಂಡು ತೋರಿಸುತ್ತದೆ. ಪೂರ್ತಿ ತುಂಬಿದ್ದರೂ ಅಷ್ಟೇ, ಅರ್ಧವಿದ್ದರೂ ಅಷ್ಟೇ. ಅಡುಗೆ ಅನಿಲದ ಸಿಲಿಂಡರು ಮುಗಿಯುತ್ತ ಬರುವವರೆಗೂ ಒಲೆಯ ಉರಿ ತಗ್ಗದಿರುವುದು ಇದೇ ಕಾರಣದಿಂದ. ಸಿಲಿಂಡರಿನಲ್ಲಿ ಎಷ್ಟು ಉಳಿದಿದೆಯೆಂದು ತಿಳಿಯಲು ನಾವು ಅದನ್ನು ಎತ್ತಿ ಭಾರ ನೋಡುವುದಿಲ್ಲವೆ? ಗಾಡಿಗೂ ಶೀತಕವನ್ನು ತೂಗಿಯೇ ತುಂಬಬೇಕು. ಎಷ್ಟು ಗ್ರಾಂ ಎಂಬುದನ್ನು ಸಾಮಾನ್ಯವಾಗಿ ಬಾನೆಟ್ಟಿನಡಿಯ ಚೀಟಿಯಲ್ಲಿ ಅಚ್ಚುಮಾಡಿರುತ್ತಾರೆ. ಹೆಚ್ಚು ತುಂಬಿದರೂ ಕೇಡೇ. ಕಂಡೆನ್ಸರಿನಲ್ಲಿ ದ್ರವವೇ ಕಿಕ್ಕಿರಿದು, ಆವಿಗೆ ಶಾಖ ಬಿಡಲು ಜಾಗ ಸಾಲದೆ, ಒತ್ತಡ ಏರಿ ಕಂಪ್ರೆಸರ್ ಬಳಲುತ್ತದೆ.

ತುಂಬುವುದಕ್ಕೆ ಮುನ್ನ ನಿರ್ವಾತ ಪಂಪಿನಿಂದ ಕೊಳವೆಗಳನ್ನು ಬರಿದುಮಾಡುವುದು ಆಚಾರಕ್ಕಾಗಿ ಮಾಡುವ ಶಾಸ್ತ್ರವಲ್ಲ. ಒಳಗೆ ಉಳಿದ ಗಾಳಿ ಕಂಡೆನ್ಸರಿನಲ್ಲಿ ದ್ರವವಾಗದೆ ತನ್ನ ಒತ್ತಡವನ್ನು ಶೀತಕದ ಒತ್ತಡಕ್ಕೆ ಕೂಡಿಸುತ್ತದೆ. ಡಾಲ್ಟನ್ನನ ನಿಯಮವನ್ನು ಪರೀಕ್ಷೆಗೆಂದು ಓದಿದವರಿಗೆ ಇಲ್ಲಿ ಅದರ ಉಪಯೋಗ ಕಾಣುತ್ತದೆ. ಉಳಿದ ನೀರಿನ ತೇವವಾದರೋ ವಾಲ್ವಿನ ಕಂಡಿಯಲ್ಲಿ ಮಂಜುಗಡ್ಡೆಯಾಗಿ ದಾರಿಯನ್ನೇ ಕಟ್ಟಬಹುದು. ೩೦ ಡಿಗ್ರಿಯ ನೀರು ಪಾದರಸದ ೩೨ ಮಿಲಿಮೀಟರ್ ಒತ್ತಡದಲ್ಲಿ ಕುದಿಯುವುದರಿಂದ, ಪಂಪು ಅದಕ್ಕಿಂತ ಕೆಳಕ್ಕೆ ಒತ್ತಡವನ್ನಿಳಿಸಿ ಸಾಕಷ್ಟು ಹೊತ್ತು ನಡೆದರೆ ತೇವವೆಲ್ಲ ಆವಿಯಾಗಿ ಹೊರಟುಹೋಗುತ್ತದೆ. ಈ ಕೆಲಸವನ್ನು ವಿದ್ಯಾರ್ಥಿಗಳು ತಾವೇ ಮಾಡಹೋಗಬಾರದು. ಚಿಮ್ಮಿದ ಶೀತಕ ಚರ್ಮವನ್ನು ಹೆಪ್ಪುಗಟ್ಟಿಸುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಅಳೆಯುವುದು ನಮ್ಮದು, ಬಿಚ್ಚುವುದು ಬಲ್ಲವರದು.

ತೂತನ್ನು ಹುಡುಕುವುದರಲ್ಲಿ ಮಾತ್ರ ಕಣ್ಣಿಗೂ ಒಂದು ಪಾಲುಂಟು. ಸೋರಿದ ಎಣ್ಣೆಗೆ ಧೂಳು ಮೆತ್ತಿಕೊಂಡು ಕಪ್ಪು ಜಿಡ್ಡಾಗಿರುತ್ತದೆ. ಬೆಂಗಳೂರಿಗೆ ಹಿಂದಿರುಗಿದ ಮೇಲೆ ಬೇರೊಂದು ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ಕರು ನಮ್ಮ ಅಂಕಿಗಳ ಚೀಟಿಯನ್ನು ನೋಡಿ, ಏನನ್ನೂ ತುಂಬಿಸದೆ, ಗಾಡಿಯನ್ನು ಮೇಲಕ್ಕೆತ್ತಿಸಿ ಅಡಿಯಲ್ಲಿ ಟಾರ್ಚು ಹಿಡಿದರು. ಹಿಂದಿನ ಎಡಚಕ್ರದ ಕಮಾನಿನ ಬಳಿ, ಕೆಸರು ತುಂಬಿಕೊಳ್ಳುವ ಮೂಲೆಯಲ್ಲಿ, ಹಿಂಬದಿಗೆ ಹೋಗುವ ಅಲ್ಯೂಮಿನಿಯಂ ಕೊಳವೆಯ ಮೇಲೆ ಅಂಗೈಯಗಲದ ಜಿಡ್ಡು. ನೈಟ್ರೋಜನ್ ಅನಿಲವನ್ನು ಒತ್ತಡದಲ್ಲಿ ತುಂಬಿ ಸಾಬೂನಿನ ನೀರು ಹಚ್ಚಿದಾಗ ಸೂಜಿಮೊನೆಯಷ್ಟು ಜಾಗದಲ್ಲಿ ಗುಳ್ಳೆಗಳೆದ್ದವು. ಆ ಕೊಳವೆಯನ್ನು ಬದಲಾಯಿಸಿ, ನಿರ್ವಾತ ಮಾಡಿ, ಹೋದಷ್ಟು ಎಣ್ಣೆಯನ್ನು ಸೇರಿಸಿ, ಚೀಟಿಯಲ್ಲಿದ್ದಷ್ಟೇ ಶೀತಕವನ್ನು ತೂಗಿ ತುಂಬಿದರು.

ಮತ್ತೆ ಅಳೆದೆವು. ಮುಂದಿನ ನಾಲ್ಕು ಕಿಂಡಿಗಳು ೮ರಿಂದ ೯ ಡಿಗ್ರಿಯೊಳಗೆ ಒಂದಾಗಿದ್ದವು. ಹಿಂಬದಿಯದು ೧೭ರಲ್ಲಿಯೇ ನಿಂತಿತ್ತು. ಮೊದಲ ದಿನ ಕಾಗದದ ಪಟ್ಟಿ ಅಲ್ಲಿ ನಿತ್ರಾಣವಾಗಿ ಆಡಿದ್ದುದು ಆಗ ನೆನಪಿಗೆ ಬಂದಿತು. ಒಂದು ಗಾಡಿಗೆ ಒಂದೇ ರೋಗವಿರಬೇಕೆಂಬ ನಿಯಮವೇನೂ ಇಲ್ಲವಲ್ಲ! ಈ ಗಾಡಿಯ ಹಿಂಬದಿಯ ಘಟಕಕ್ಕೆ ಫಿಲ್ಟರೇ ಇಲ್ಲ; ಬಿಚ್ಚಿ ನೋಡಿದರೆ ಕಾಯಿಲಿನ ರೆಕ್ಕೆಗಳ ಮೇಲೆ ಹದಿನಾಲ್ಕು ವರ್ಷಗಳ ಧೂಳು, ಕೂದಲು, ಬಟ್ಟೆಯ ನವಿರು ಸೇರಿ ಕಂಬಳಿಯಂತೆ ಹೊದ್ದುಕೊಂಡಿತ್ತು. ಅದನ್ನು ತೊಳೆದು ಜೋಡಿಸಿದ ಮೇಲೆ ೧೨ ಡಿಗ್ರಿಗೆ ಇಳಿಯಿತು.

ಗಾಡಿಯ ಹವಾನಿಯಂತ್ರಣದಲ್ಲಿ ಇಂತಹ ತಾರತಮ್ಯ ಹೊಸದೇನಲ್ಲ. ಅಮೆರಿಕದ ಪ್ಯಾಕರ್ಡ್ ಕಂಪನಿಯು ತನ್ನ ೧೯೪೦ರ ಮಾದರಿಯ ಕಾರುಗಳಿಗೆ ಮೊತ್ತಮೊದಲಾಗಿ ಇದನ್ನು ಅಳವಡಿಸಿದಾಗ ಕಾಯಿಲು ಇದ್ದದ್ದು ಹಿಂದಿನ ಸೀಟಿನ ಹಿಂಬದಿಯಲ್ಲಿ. ತಣ್ಣನೆಯ ಗಾಳಿ ಹಿಂದೆ ಕುಳಿತವರ ಕತ್ತಿಗೇ ಬೀಸುತ್ತಿತ್ತು. ಸಾಕೆನಿಸಿದರೆ ಎಂಜಿನ್ ನಿಲ್ಲಿಸಿ ಕಂಪ್ರೆಸರಿನ ಬೆಲ್ಟನ್ನೇ ಕಳಚಬೇಕಾಗಿತ್ತು. ೧೯೫೪ರಲ್ಲಿ ನ್ಯಾಷ್ ಕಂಪನಿಯ ಕಾರುಗಳಲ್ಲಿ ಇಡೀ ಯಂತ್ರ ಮುಂಬದಿಗೆ ಬಂದಿತು. ಅಂದಿನಿಂದ ಹಿಂದೆ ಕುಳಿತವರ ಸರದಿ ತಪ್ಪಿತು.

ನಮ್ಮ ಮಿತ್ರರ ಗಾಡಿಯಲ್ಲಿ ಉಳಿದ ಮೂರು ನಾಲ್ಕು ಡಿಗ್ರಿಯ ವ್ಯತ್ಯಾಸಕ್ಕೆ ಕಾರಣ ಹೇಳುವುದು ಕಷ್ಟವಲ್ಲ. ಹಿಂಬದಿಯ ನಾಳವು ಬಿಸಿಲಿಗೆ ಕಾದ ತಗಡಿನ ಛಾವಣಿಯ ಕೆಳಗೇ ಹಾದುಬರುವುದರಿಂದ ದಾರಿಯಲ್ಲಿ ಗಾಳಿ ಒಂದಿಷ್ಟು ಬೆಚ್ಚಗಾಗುತ್ತದೆ. ಅದನ್ನು ಯಾವ ಗ್ಯಾರೇಜೂ ಸರಿಪಡಿಸಲಾರದು. ಮುಂದಿನ ಪ್ರಯಾಣಕ್ಕೆ ಅಜ್ಜಿಯನ್ನು ನಡುವಿನ ಸಾಲಿನಲ್ಲಿ, ಬಿಸಿಲು ಬೀಳದ ಬಲಗಡೆಯಲ್ಲಿ ಕೂರಿಸಿಕೊಂಡು ಹೋದರು. ಹಿಂದಿನ ಸಾಲಿಗೆ ನಾವು ಹೋಗಿ ಕುಳಿತೆವು.